ಕೊನೆಗೆ ಉಂಡವಳ ಮೊಮ್ಮಗಳಿಗೆ

ರಾಜಾಜಿನಗರ
ಭಾನುವಾರ, ಬೆಳಗಿನ ಕಾಫಿ ಆದ ಮೇಲೆ

ಚಿನ್ನಿ,

ನಿನ್ನ ಕ್ಷೇಮದ ಸಂಗತಿ ಮೊನ್ನೆ ರಾತ್ರಿ ಫೋನಿನಲ್ಲೇ ತಿಳಿಯಿತು. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಕೂರಿಸಿದರು, 140ರ ಒಳಗಿರಬೇಕಾದ ಸಕ್ಕರೆ 163 ಬಂತು, ಡಾಕ್ಟರು ರಿಪೋರ್ಟಿನಿಂದ ತಲೆ ಎತ್ತದೆಯೇ ‘ನಾಲಿಗೆ ಸ್ವಲ್ಪ ಹಿಡಿತದಲ್ಲಿ ಇಟ್ಕೊಂಡಿದ್ರೆ ಇದು ಬರ್ತಿರ್ಲಿಲ್ಲ’ ಅಂದರು. ಅಷ್ಟು ಹೇಳುವ ಹೊತ್ತಿಗೆ ನಿನ್ನ ಗಂಟಲು ಕಟ್ಟಿತು. ಆಮೇಲೆ ಒಂದೊಂದೇ ತಪ್ಪು ಎಣಿಸುತ್ತಾ ಹೋದೆ. ಬಯಕೆ ಅಂತ ತಿಂದ ಎರಡು ರಸಪುರಿ ಮಾವು, ಸೀಮಂತದ ಹೋಳಿಗೆ, ಆಫೀಸಿನಲ್ಲಿ ಎದ್ದೇಳದೆ ಕೂತ ಮಧ್ಯಾಹ್ನಗಳು. ‘ಹುಟ್ಟೋಕೆ ಮುಂಚೆನೇ ಮಗೂಗೆ ನಾನೇ ಕಾಯಿಲೆ ಅಂಟಿಸಿಬಿಟ್ಟೆ ದೊಡ್ಡಮ್ಮಾ’ ಅಂದೆಯಲ್ಲ, ಆ ಮಾತು ನನ್ನನ್ನು ಎರಡು ರಾತ್ರಿ ಮಲಗಲು ಬಿಟ್ಟಿಲ್ಲ.

ಫೋನಿನಲ್ಲಿ ಉತ್ತರ ಕೊಡಲಾಗಲಿಲ್ಲ. ನೀನು ಅತ್ತರೆ ನಾನೂ ಅಳುತ್ತೇನೆ. ಅದಕ್ಕೇ ಕಾಗದ ತೆಗೆದುಕೊಂಡು ಕೂತೆ. ಈ ಸಕ್ಕರೆ ಮಾವಿನಹಣ್ಣಿಗಿಂತ ಹಳೆಯದು ಮಗಳೇ, ನಿನಗಿಂತಲೂ ಹಳೆಯದು. ಅದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಅಡುಗೆಮನೆಯಲ್ಲಿ ಶುರುವಾದದ್ದು.

ನಿನ್ನ ಅಜ್ಜಿಯನ್ನು ನೀನು ಕಂಡದ್ದು ಅವಳು ಹಣ್ಣಾದ ಮೇಲೆ. ನಾನು ಕಂಡ ಅಮ್ಮನಿಗೆ ಇಪ್ಪತ್ತೈದಾಗಿರಬೇಕು. ಕೈಯಲ್ಲಿ ಗಾಜಿನ ಬಳೆ ಮೊಣಕೈವರೆಗೆ ಜಾರುತ್ತಿತ್ತು, ಅಷ್ಟು ಸಣ್ಣ ಕೈ. ಹನ್ನೊಂದು ಜನರ ಮನೆ. ಮೊದಲು ತಾತ, ಅಪ್ಪ, ಚಿಕ್ಕಪ್ಪಂದಿರು. ಆಮೇಲೆ ಮಕ್ಕಳು. ಆಮೇಲೆ ಅಮ್ಮನ ಅತ್ತೆ. ಎಲ್ಲರೂ ಎದ್ದ ಮೇಲೆ ಅಮ್ಮ ಗೋಮೆ ಹಚ್ಚಿ, ಒಲೆ ಪಕ್ಕ ಬೋಸಿಯನ್ನು ಎಳೆದುಕೊಂಡು ಕೂರುವಳು. ತಳ ಹಿಡಿದ ಅನ್ನಕ್ಕೆ ಒಂದು ಲೋಟ ನೀರು ಮಜ್ಜಿಗೆ ಹಾಕಿ, ಬೆರಳಿನಿಂದ ಕೆರೆದು ಕೆರೆದು ಬಿಡಿಸುವಳು. ಉಗುರು ಪಾತ್ರೆಗೆ ತಾಗುವ ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಒಂದೆರಡು ತುತ್ತಿನ ನಂತರ ಯಾರಾದರೂ ಮಗು ಬಂದು ಬಾಯಿ ತೆರೆದರೆ ಮೂರನೆಯದು ಆ ಬಾಯಿಗೆ. ಅವಳಿಗೆ ತನ್ನದು ಅಂತ ಒಂದು ತಟ್ಟೆ ಇರಲಿಲ್ಲ.

ಬಸಿರಾದಾಗ ಇನ್ನೂ ಕಡಿಮೆ. ‘ಜಾಸ್ತಿ ಉಂಡ್ರೆ ಕೂಸು ದಪ್ಪ ಆಗುತ್ತೆ, ಹೆರಿಗೆ ಕಷ್ಟ’ ಎಂದು ಅತ್ತೆಯೇ ಕೈ ಹಿಡಿಯುತ್ತಿದ್ದರು. ಅವರು ಕೆಟ್ಟವರಾಗಿರಲಿಲ್ಲ. ಹೆರಿಗೆಯಲ್ಲಿ ಸತ್ತ ಹೆಣ್ಣುಮಕ್ಕಳನ್ನು ಕಣ್ಣಾರೆ ಕಂಡವರು. ಆ ಭಯದಿಂದ ಹಾಗೆ ಹೇಳುತ್ತಿದ್ದರು.

ಅಮ್ಮ ಹೋದ ಮೇಲೆ ಅವಳ ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ, ಒಂದು ಚೀಟಿ ಸಿಕ್ಕಿತು. ಮಿಷನ್ ಆಸ್ಪತ್ರೆಯದು, 1952ರದು. ನೀಲಿ ಶಾಯಿ ಕಂದಿತ್ತು. ತಾಯಿಯ ತೂಕ 92 ಪೌಂಡ್, ಮಗು 5 ಪೌಂಡ್ 2 ಔನ್ಸ್. ಆ ಮಗು ನಾನು. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೊದಲ ಮಗುವಿನ ಗುರುತು ಅಂತ ಇಟ್ಟುಕೊಂಡಿದ್ದಳೋ ಏನೋ.

ಆ ಚೀಟಿಯ ಬೆಲೆ ನನಗೆ ತಿಳಿದದ್ದು 61ನೇ ವಯಸ್ಸಿನಲ್ಲಿ, ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಮಲಗಿದ್ದಾಗ. ಅಷ್ಟು ಹೊತ್ತಿಗೆ ಸಕ್ಕರೆ ಕಾಯಿಲೆಗೆ ಹದಿನೇಳು ವರ್ಷ. ಬಂದವರೆಲ್ಲ ಒಂದೇ ಪ್ರಶ್ನೆ, ‘ಸಿಹಿ ಜಾಸ್ತಿ ತಿಂತಿದ್ರಾ?’ ಒಬ್ಬ ಎಳೆಯ ಡಾಕ್ಟರು ಮಾತ್ರ ಹಾಸಿಗೆಯ ಪಕ್ಕ ಸ್ಟೂಲ್ ಎಳೆದು ಕೂತು, ‘ಅಮ್ಮಾ, ನೀವು ಹುಟ್ಟಿದಾಗ ಎಷ್ಟು ತೂಕ ಇದ್ರಿ ಅಂತ ಗೊತ್ತಾ?’ ಎಂದು ಕೇಳಿದರು. ನಾನು ಚೀಟಿಯ ವಿಷಯ ಹೇಳಿದೆ. ಮೈಸೂರಿನ ಮಿಷನ್ ಆಸ್ಪತ್ರೆ ಅಂದ ಕೂಡಲೇ ಆತನ ಮುಖ ಅರಳಿತು. ‘ಹೋಲ್ಡ್ಸ್‌ವರ್ತ್ ಆಸ್ಪತ್ರೆನಾ? ಅಲ್ಲಿ ಹುಟ್ಟಿದೋರ ಮೇಲೆ ಪ್ರಪಂಚಕ್ಕೇ ಗೊತ್ತಿರೋ ಅಧ್ಯಯನ ಆಗಿದೆ’ ಅಂದರು. ಅವತ್ತು ಕೇಳಿದ್ದನ್ನು, ಆಮೇಲೆ ನಾನೇ ಹುಡುಕಿ ಓದಿದ್ದನ್ನು ನಿನಗೆ ಹೇಳುತ್ತೇನೆ.

ಇಂಗ್ಲೆಂಡಿನ ಹರ್ಟ್‌ಫೋರ್ಡ್‌ಶೈರ್ ಎಂಬಲ್ಲಿ 1911ರಿಂದ ದಾದಿಯರು ಮನೆಮನೆಗೆ ಹೋಗಿ, ಹುಟ್ಟಿದ ಪ್ರತಿ ಮಗುವಿನ ತೂಕವನ್ನೂ ಒಂದು ವರ್ಷ ತುಂಬಿದಾಗಿನ ತೂಕವನ್ನೂ ಬರೆದಿಟ್ಟಿದ್ದರು. ಡೇವಿಡ್ ಬಾರ್ಕರ್ ಎಂಬ ವೈದ್ಯರು ಆ ಹಳೆಯ ಪುಸ್ತಕಗಳನ್ನು ಹುಡುಕಿ ತೆಗೆದು, ಅದರಲ್ಲಿದ್ದ ಗಂಡಸರು ಏನಾಗಿ ಸತ್ತರು ಎಂದು ನೋಡಿದರು. ಎಳವೆಯಲ್ಲಿ ಹಗುರವಾಗಿದ್ದವರೇ ಹೃದಯದ ಕಾಯಿಲೆಯಿಂದ ಹೆಚ್ಚಾಗಿ ಸತ್ತಿದ್ದರು. 1989ರಲ್ಲಿ ಇದನ್ನು ಪ್ರಕಟಿಸಿದಾಗ ತುಂಬ ಜನ ನಂಬಲಿಲ್ಲ. ಎದೆನೋವಿಗೆ ಕಾರಣ ಸಿಗರೇಟು, ಬೆಣ್ಣೆ, ಸೋಮಾರಿತನ ಎಂದೇ ಎಲ್ಲರೂ ತಿಳಿದಿದ್ದ ಕಾಲ ಅದು.

ನಮ್ಮ ಮಿಷನ್ ಆಸ್ಪತ್ರೆಯಲ್ಲೂ 1934ರಿಂದ ಇಂಥ ಲೆಕ್ಕ ಇತ್ತು ಚಿನ್ನಿ. ಪ್ರತಿ ಹೆರಿಗೆಗೂ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ. ಬಾರ್ಕರ್ ಜೊತೆಗಾರರಾದ ಕ್ಯಾರೊಲಿನ್ ಫಾಲ್ ಎಂಬ ವೈದ್ಯೆ ಮತ್ತು ಆಸ್ಪತ್ರೆಯವರು ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನಲ್ಲೇ ಉಳಿದಿದ್ದ 517 ಜನರನ್ನು ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ದಾಟಿದವರಲ್ಲಿ ನೂರಕ್ಕೆ 3. ಮಗು ಎರಡೂವರೆ ಕಿಲೋದೊಳಗೆ, ತಾಯಿಯೂ 100 ಪೌಂಡಿಗಿಂತ ಕಡಿಮೆ, ಎರಡೂ ಸೇರಿದ ಕಡೆ ನೂರಕ್ಕೆ 20.

92 ಪೌಂಡ್, 5 ಪೌಂಡ್ 2 ಔನ್ಸ್. ಆ ಕೊನೆಯ ಸಾಲಿನಲ್ಲಿ ನಾನೂ ಅಮ್ಮನೂ ಒಟ್ಟಿಗೆ ಕೂತಿದ್ದೆವು. ಮದುವೆಯಾಗಿ ಬೆಂಗಳೂರಿಗೆ ಬಂದಿದ್ದರಿಂದ ಆ 517ರಲ್ಲಿ ನಾನಿಲ್ಲ, ಆದರೂ ಅದನ್ನು ಓದಿದ ದಿನ ಯಾರೋ ನನ್ನ ಜಾತಕವನ್ನೇ ಓದಿ ಹೇಳಿದ ಹಾಗಾಯಿತು. ಹಾಗೆ ಅನ್ನಿಸಿದ್ದು ತಪ್ಪು ಅಂತ ಆಮೇಲೆ ತಿಳಿಯಿತು. ನೂರಕ್ಕೆ 20 ಅಂದರೆ ಮಿಕ್ಕ 80 ಜನಕ್ಕೆ ಬರಲಿಲ್ಲ ಅಂತಲೂ ಅರ್ಥ. ಅವರ ಅಮ್ಮಂದಿರೂ ಬೋಸಿ ಕೆರೆದವರೇ. ನೀನು ಹೆದರಿದಾಗ ಈ 80ನ್ನು ನೆನಪಿಟ್ಟುಕೋ.

ಇದೆಲ್ಲ ಹೇಗೆ ಆಗುತ್ತದೆ ಅಂತ ಆ ಡಾಕ್ಟರನ್ನೇ ಕೇಳಿದೆ. ಹೊಟ್ಟೆಯಲ್ಲಿರುವ ಕೂಸಿಗೆ ಆಹಾರ ಸಾಲದಿದ್ದರೆ ಅದು ಮೊದಲು ಮಿದುಳನ್ನು ಕಾಯುತ್ತದಂತೆ. ಉಳಿದ ಕಡೆಗೆ ಬಿಗಿ ಹಿಡಿಯುತ್ತದೆ. ಮೇದೋಜ್ಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಜೀವಕಣಗಳು ಕಡಿಮೆ, ಸ್ನಾಯು ಕಡಿಮೆ. ಒಂದೊಂದು ಕಿಡ್ನಿಯಲ್ಲೂ ಸರಾಸರಿ ಹತ್ತು ಲಕ್ಷ ಸಣ್ಣ ಸೋಸುಕಗಳು ಇರಬೇಕು. ಅವು ಕೂಸು ಹುಟ್ಟುವ ಮೊದಲೇ ತಯಾರಾಗಿ ಮುಗಿಯುತ್ತವೆ, ಆಮೇಲೆ ಒಂದೂ ಹೊಸದಾಗಿ ಬರುವುದಿಲ್ಲ. ಸಣ್ಣ ಕೂಸಿಗೆ ಅವೂ ಕಡಿಮೆ, ಮುಂದೆ ಬಿಪಿ ಏರಲು ಅದೊಂದು ದಾರಿ. ಹದಿನಾರು ಮೊಳದ ಸೀರೆಗೆ ಹನ್ನೆರಡು ಮೊಳದ ನೂಲು ಕೊಟ್ಟರೆ ನೇಕಾರ ಎಲ್ಲಿ ಉಳಿಸುತ್ತಾನೆ? ಸೆರಗನ್ನು ಬಿಟ್ಟು ಒಳಗೆ ಉಳಿಸುತ್ತಾನೆ. ಸೀರೆ ಸೀರೆಯಂತೆಯೇ ಕಾಣುತ್ತದೆ, ಉಡುವಾಗ ಮಾತ್ರ ನೆರಿಗೆಗೆ ಸಾಲುವುದಿಲ್ಲ. ನಮ್ಮ ಹಿಂದಿನ ಮಾಗಡಿ ರಸ್ತೆಯ ಮಗ್ಗದ ಮನೆಗಳನ್ನು ನೋಡಿ ಬೆಳೆದ ನಿನಗೆ ಇದು ಅರ್ಥವಾದೀತು.

ಪುಣೆಯ ಯಾಜ್ಞಿಕ್ ಎಂಬ ವೈದ್ಯರು ಇನ್ನೊಂದು ಸಂಗತಿ ಕಂಡುಹಿಡಿದರು. ಪುಣೆ ಸುತ್ತಿನ ಹಳ್ಳಿಗಳ ಕೂಸುಗಳ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಕೂಸುಗಳದ್ದು 3.5. ಇಷ್ಟು ಚಿಕ್ಕವಾದರೂ ನಮ್ಮ ಮಕ್ಕಳ ಮೈಯಲ್ಲಿ ಸ್ನಾಯು ಸವೆದಿತ್ತೇ ಹೊರತು ಕೊಬ್ಬು ಅಷ್ಟು ಕಡಿಮೆಯಿರಲಿಲ್ಲ. ನೋಡಲು ಕಡ್ಡಿ, ಒಳಗೆ ಕೊಬ್ಬು.

ಇನ್ನು ನಿನ್ನ ಕಥೆಗೆ ಬರುತ್ತೇನೆ. ನಿನ್ನಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದದ್ದು 1962ರಲ್ಲಿ. ಹೆಣ್ಣು ಮಗು ಹುಟ್ಟುವ ಮೊದಲೇ ಅದರ ಅಂಡಾಶಯದಲ್ಲಿ ಜೀವಮಾನಕ್ಕೆ ಬೇಕಾದ ಅಂಡಾಣುಗಳೆಲ್ಲ ಸೇರಿರುತ್ತವೆ. ಅಂದರೆ ಮುಂದೆ ನೀನಾಗಬೇಕಿದ್ದ ಆ ಒಂದು ಕಣ, ಅಜ್ಜಿ ಒಲೆ ಪಕ್ಕ ಬೋಸಿ ಕೆರೆಯುತ್ತಿದ್ದಾಗ ಅವಳ ಮಡಿಲಿನಲ್ಲೇ ಇತ್ತು. ನೀನು ಅಜ್ಜಿಯನ್ನು ಹೊತ್ತು ಹುಟ್ಟಿದವಳು ಅಂತ ನಾವು ಮುಖದ ಹೋಲಿಕೆ ನೋಡಿ ಹೇಳುತ್ತಿದ್ದೆವು. ಅವಳೇ ನಿನ್ನನ್ನು ಹೊತ್ತಿದ್ದಳು.

ನೀನು ಹುಟ್ಟಿದಾಗ 2 ಕಿಲೋ 400 ಗ್ರಾಂ. ವಿಜಯನಗರದ ಆ ಮನೆಗೆ ನಿನ್ನನ್ನು ತಂದ ದಿನ ನಾವೆಲ್ಲ ಸೇರಿ ಒಂದೇ ಹಟ ಹಿಡಿದೆವು, ಮಗುವನ್ನು ಗುಂಡುಗುಂಡಾಗಿ ಮಾಡಬೇಕು ಅಂತ. ಎರಡು ವರ್ಷದವರೆಗೆ ನೀನು ಕಡ್ಡಿಯಾಗಿಯೇ ಇದ್ದೆ. ಆಮೇಲೆ ಶುರುವಾಯಿತು ನಮ್ಮ ಉಪಚಾರ. ಹಾಲಿಗೆ ಎರಡು ಚಮಚ ಹೆಚ್ಚು ಸಕ್ಕರೆ, ಶಾಲೆ ಬಿಟ್ಟ ಕೂಡಲೇ ಬೇಕರಿಯ ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್. ಕಾರ್ಡ್ ರೋಡ್ ದಾಟಬೇಕು ಅಂತ ಶಾಲೆಗೂ ಆಟೊ. ನಿನ್ನನ್ನು ಆಡಲು ಬಿಟ್ಟದ್ದೂ ಕಡಿಮೆ. ಆರನೇ ಕ್ಲಾಸಿನಲ್ಲಿ ನಿನ್ನ ಕೆನ್ನೆ ಹಿಂಡಿ ಖುಷಿಪಟ್ಟವಳು ನಾನೇ.

ದೆಹಲಿಯಲ್ಲಿ ಹುಟ್ಟಿನಿಂದ ಬೆನ್ನು ಹತ್ತಿ ಅಳೆದ ಸುಮಾರು 1,500 ಮಕ್ಕಳ ಒಂದು ಅಧ್ಯಯನ 2004ರಲ್ಲಿ ಬಂತು. ಎರಡು ವರ್ಷಕ್ಕೆ ತೆಳ್ಳಗಿದ್ದು, ಆಮೇಲೆ ಹನ್ನೆರಡರವರೆಗೆ ಬೇಗಬೇಗ ಮೈ ತುಂಬಿಕೊಂಡವರಲ್ಲೇ ಮೂವತ್ತರ ಆಸುಪಾಸಿಗೆ ಸಕ್ಕರೆಯ ತೊಂದರೆ ಹೆಚ್ಚು ಕಂಡಿತು. ಅವರು ಯಾರೂ ಬೊಜ್ಜಿನ ಮಕ್ಕಳಾಗಿರಲಿಲ್ಲ. ಓದಿದಾಗ ನನ್ನ ಕೈ ನಡುಗಿತು ಚಿನ್ನಿ. ಪ್ರೀತಿಯಿಂದ ಮಾಡಿದ್ದು, ಆದರೂ ನಾವು ಮಾಡಿದ್ದು. ನಿನಗೆ ಇದನ್ನು ಹೇಳದೆ ಈ ಕಾಗದ ಮುಗಿಸಬಾರದು ಅನ್ನಿಸಿತು.

ಮೈಸೂರಿನವರ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಅದೇ ಹಳೆಯ ದಾಖಲೆಯ ಜನರಲ್ಲಿ ಸಕ್ಕರೆ ಕಾಯಿಲೆಯನ್ನು ಹುಡುಕಿದಾಗ ಅವರಿಗೇ ಆಶ್ಚರ್ಯ. ಅದು ಬರೀ ಹಗುರ ಕೂಸುಗಳ ಕಾಯಿಲೆಯಾಗಿರಲಿಲ್ಲ. ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ, ಸ್ವಲ್ಪ ಮೈಕೈ ತುಂಬಿಕೊಂಡಿದ್ದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು. ಆ ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಏರಿತ್ತೇನೋ ಎಂಬ ಅನುಮಾನ ಬಂತು. ಅದನ್ನು ನೋಡಲೆಂದೇ 1997ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಬಸುರಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಎಂಬುದನ್ನು ಶುರು ಮಾಡಿದರು. ಡಾ. ಕೃಷ್ಣವೇಣಿ ಮತ್ತು ಅವರ ತಂಡ ಆ ಮಕ್ಕಳನ್ನು ವರ್ಷಗಟ್ಟಲೆ ಕರೆದು ಅಳೆದು ನೋಡಿದ್ದಾರೆ. ನೂರಕ್ಕೆ ಸುಮಾರು 6 ತಾಯಂದಿರಿಗೆ ನಿನ್ನ ಹಾಗೆಯೇ ಬಸಿರಿನ ಸಕ್ಕರೆ ಇತ್ತು. ಅವರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಕೊಬ್ಬು ಸ್ವಲ್ಪ ಹೆಚ್ಚು ಕಂಡಿತು.

ಈಗ ಎಳೆ ಎಳೆಯಾಗಿ ನೋಡು. ಅಜ್ಜಿಗೆ ಊಟ ಸಾಲಲಿಲ್ಲ. ಅವಳ ಮಕ್ಕಳಾದ ನಾವು ಕಡಿಮೆ ಬಂಡವಾಳದೊಂದಿಗೆ ಹುಟ್ಟಿದೆವು. ಆಮೇಲೆ ನಮ್ಮ ಮನೆಗಳಿಗೆ ಊಟ ಬಂತು, ಬೇಕರಿ ಬಂತು, ಕುರ್ಚಿ ಕೆಲಸ ಬಂತು. ಬಸಿರಿನ ಎರಡನೆಯ ಅರ್ಧದಲ್ಲಿ ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ, ಆಗ ಯಾವ ಹೆಣ್ಣಿಗಾದರೂ ಮಾಮೂಲಿಗಿಂತ ಎರಡು ಪಟ್ಟು, ಮೂರು ಪಟ್ಟು ಇನ್ಸುಲಿನ್ ಬೇಕು. ಬಂಡವಾಳ ಇದ್ದವರು ತೆಗೆದು ಕೊಡುತ್ತಾರೆ. ನಮ್ಮಂಥ ಮನೆತನದವರಿಗೆ ಅಲ್ಲಿ ಕೈ ಸಾಲದಾಗುತ್ತದೆ. 163 ಅನ್ನುವುದು ಆ ಸಾಲದಾದದ್ದರ ಲೆಕ್ಕ. ಎರಡು ರಸಪುರಿ ಮಾವಿನ ಮೇಲೆ ಮೂರು ತಲೆಮಾರಿನ ಭಾರ ಹೊರಿಸಬೇಡ.

ನಿನ್ನೆಯ ತಪ್ಪು ಹುಡುಕುವುದು ನಮಗೆಲ್ಲ ಚಟ. 2021ರ ಅಕ್ಟೋಬರ್ 29ರಂದು ನಟ ಅಪ್ಪು ಹೋದಾಗ ನಮ್ಮ ಬೀದಿಯ ಅಂಗಡಿಗಳೆಲ್ಲ ಅರ್ಧ ಬಾಗಿಲು ಹಾಕಿದ್ದವು. 46 ವರ್ಷದ ಹುಡುಗ. ನಮ್ಮ ಮನೆಯಿಂದ ಕಂಠೀರವ ಸ್ಟುಡಿಯೋ ಎಷ್ಟು ದೂರ ಹೇಳು, ಆ ದಿನಗಳಲ್ಲಿ ಜನ ಹೊಳೆಯ ಹಾಗೆ ಹರಿದರು. ಎಲ್ಲರ ಬಾಯಲ್ಲೂ ಅವರು ಬೆಳಗ್ಗೆ ಏನು ಮಾಡಿದರು, ಹಿಂದಿನ ದಿನ ಏನು ಮಾಡಿದರು ಅನ್ನುವುದೇ. ಮುಂದಿನ ವಾರ ಜಯದೇವ ಆಸ್ಪತ್ರೆಯ ಮುಂದೆ ಎದೆ ತೋರಿಸಿಕೊಳ್ಳಲು ಸಾಲು. ಅಪ್ಪು ಅವರ ಮೈಯಲ್ಲಿ ಏನಿತ್ತೋ ಅದನ್ನು ಮಾತಾಡಲು ನಾನಾರೂ ಅಲ್ಲ. ಆದರೆ ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ತೆರೆದು ನೋಡಿ 1953ರಲ್ಲಿ ಬರೆದದ್ದುಂಟು: ಸರಾಸರಿ 22 ವರ್ಷದ ಆ ಹುಡುಗರಲ್ಲಿ ನೂರಕ್ಕೆ 77 ಮಂದಿಯ ರಕ್ತನಾಳದಲ್ಲಿ ಆಗಲೇ ಕೊಬ್ಬಿನ ಪದರ ಕಟ್ಟಲು ಶುರುವಾಗಿತ್ತು. ನೋವು ಕಾಣುವುದು ಐವತ್ತಕ್ಕೆ, ಕಟ್ಟುವುದು ಇಪ್ಪತ್ತರಿಂದಲೇ.

ಹೃದಯದ್ದೇ ಇನ್ನೊಂದು ಕಥೆ ಹೇಳುತ್ತೇನೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಾವಿದ್ದ ವಠಾರ ನಿನಗೆ ನೆನಪಿರಲಾರದು, ನೀನು ಹುಟ್ಟುವ ಮೊದಲೇ ಕೆಡವಿದರು. ಎಂಟು ಮನೆ, ಒಂದು ನಲ್ಲಿ. ಕೊನೆಯ ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿ. ಒಂದೇ ಕೋಣೆಯಲ್ಲಿ ಏಳು ಜನ ಮಲಗುತ್ತಿದ್ದರು. ಅವಳಿಗೆ ಗಂಟಲು ನೋವು, ಜ್ವರ ಬಂತು, ಹೋಯಿತು. ಎರಡು ವಾರದ ಮೇಲೆ ಮಂಡಿ ಊದಿತು, ಅದು ಇಳಿಯಿತು ಅನ್ನುವಷ್ಟರಲ್ಲಿ ಮೊಣಕೈ. ಅವಳ ಅಮ್ಮ ಬೇವಿನೆಣ್ಣೆ ಹಚ್ಚಿ ತೀಡಿದರು, ನಾವೂ ಬೆಳೆಯುವ ಮಕ್ಕಳ ಕಾಲುನೋವು ಅಂದುಕೊಂಡೆವು. ಗಂಟಲಿನ ಆ ಸೋಂಕಿನ ಮೇಲೆ ಯುದ್ಧಕ್ಕೆ ಹೊರಟ ಮೈ, ತನ್ನದೇ ಕೀಲು, ತನ್ನದೇ ಹೃದಯದ ಕವಾಟದ ಮೇಲೂ ಬೀಳುತ್ತದೆ. ಕೀಲು ಸರಿಹೋಗುತ್ತದೆ, ಕವಾಟ ಮರೆಯುವುದಿಲ್ಲ. ಆಗಲೇ ತೋರಿಸಿದ್ದರೆ 21 ದಿನಕ್ಕೊಂದು ಪೆನಿಸಿಲಿನ್ ಸೂಜಿ ವರ್ಷಗಟ್ಟಲೆ ಕೊಟ್ಟು ಕವಾಟವನ್ನು ಕಾಯಬಹುದಿತ್ತು. ಮುಂದೆ ಅವಳಿಗೆ 24 ವರ್ಷ, ಏಳು ತಿಂಗಳ ಬಸುರಿ, ಒಂದು ರಾತ್ರಿ ಮಲಗಿದರೆ ಉಸಿರು ಸಿಗುತ್ತಿಲ್ಲ ಅಂತ ಎದ್ದು ಕೂತಳು. ಕವಾಟ ಸಂಪಿಗೆ ಮೊಗ್ಗಿನ ತುದಿಯಷ್ಟು ಕಿರಿದಾಗಿತ್ತು. ತೊಡೆಯ ನಾಳದಿಂದ ಬಲೂನು ಕಳಿಸಿ ಹಿಗ್ಗಿಸಿದರು. ಬದುಕಿದಳು, ಮಗುವೂ ಬದುಕಿತು. ಈಗ ಬಸವೇಶ್ವರನಗರದಲ್ಲಿ, ಹಾವನೂರು ಸರ್ಕಲ್ ಹತ್ತಿರ ಇದ್ದಾಳೆ, ಮೊನ್ನೆ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದಿದ್ದಳು. ಆ ಗಂಟಲು ನೋವನ್ನು ಅವಳು ಆರಿಸಿಕೊಂಡಿದ್ದಳೇ? ಆ ಒಂದೇ ಕೋಣೆಯನ್ನು?

ಈ ‘ಆಯ್ಕೆ’ ಅನ್ನುವ ಪದದ ಮೇಲೆ ನನಗೆ ಕೋಪವಿದೆ. ಟಿವಿಯಲ್ಲಿ ಬರುವವರೆಲ್ಲ ‘ಸರಿಯಾದ ಆಯ್ಕೆ ಮಾಡಿಕೊಳ್ಳಿ’ ಅನ್ನುತ್ತಾರೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ರಾತ್ರಿ ಡ್ಯೂಟಿ ಮುಗಿಸಿ ಏಳಕ್ಕೆ ಮನೆಗೆ ಬಂದು, ಎಲ್ಲರಿಗೂ ತಿಂಡಿ ಡಬ್ಬಿ ಕಟ್ಟಿ, ನಾನು ಮೊದಲ ತುತ್ತು ಬಾಯಿಗಿಡುವಾಗ ಹನ್ನೊಂದೂವರೆ. ಹತ್ತು ವರ್ಷ. ಅಮ್ಮನ ಹಾಗೆ ಬಡತನ ನನಗಿರಲಿಲ್ಲ, ಮನೆಯಲ್ಲಿ ಊಟ ಇತ್ತು, ಕೈಯಲ್ಲಿ ಸಂಬಳ ಇತ್ತು. ಆದರೂ ಕೊನೆಗೇ ಉಂಡೆ. ಅದರಲ್ಲಿ ಸ್ವಲ್ಪ ನನ್ನ ಆಯ್ಕೆಯೂ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಯಾರೂ ಬಲವಂತ ಮಾಡಲಿಲ್ಲ, ಯಾರೂ ‘ನೀನು ಉಂಡ್ಯಾ’ ಅಂತಲೂ ಕೇಳಲಿಲ್ಲ. ನಾನೂ ಕೇಳಿಸಿಕೊಳ್ಳಬೇಕು ಅಂತ ಕಾಯಲಿಲ್ಲ.

ನಿನ್ನ ದೊಡ್ಡಪ್ಪನದ್ದು ಬೇರೆ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹತ್ತೊಂಬತ್ತಕ್ಕೇ ಪ್ರೆಸ್ ಶಾಪು ಸೇರಿದವರು. ಕಿವಿಗೆ ಹತ್ತಿ ಇಟ್ಟುಕೊಂಡರೆ ಜೊತೆಯವರು ನಗುತ್ತಾರೆ ಅಂತ ಇಡಲಿಲ್ಲ. ಈಗ ಕುಕ್ಕರ್ ಕೂಗಿದರೂ ಕೇಳುವುದಿಲ್ಲ. ಸಿಗರೇಟನ್ನು ಮಾತ್ರ 41ಕ್ಕೆ ಬಿಟ್ಟರು. ಇಂಗ್ಲೆಂಡಿನ ಡಾಕ್ಟರುಗಳನ್ನೇ 50 ವರ್ಷ ನೋಡಿದ ಅಧ್ಯಯನವೊಂದರ ಪ್ರಕಾರ, ಸೇದುವವರ ಆಯಸ್ಸು ಹತ್ತು ವರ್ಷ ಕಡಿಮೆ, ನಲವತ್ತಕ್ಕೆ ಬಿಟ್ಟರೆ ಅದರಲ್ಲಿ ಒಂಬತ್ತು ವಾಪಸ್ ಸಿಗುತ್ತದೆ. ಇದನ್ನು ಓದಿ ಹೇಳಿದ ದಿನ ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ಕಿವಿ ಹೋದದ್ದು ವಾಪಸ್ಸಿಲ್ಲ, ಶ್ವಾಸಕೋಶ ಅಷ್ಟು ಕಟುಕ ಅಲ್ಲ. ಮೈಯ ಎಲ್ಲ ಬಾಗಿಲೂ ಒಂದೇ ದಿನ ಮುಚ್ಚುವುದಿಲ್ಲ ಮಗಳೇ.

ನಿನ್ನ ಮುಂದಿರುವ ಬಾಗಿಲು ಇನ್ನೂ ಅಗಲವಾಗಿ ತೆರೆದಿದೆ. ಇನ್ನು ಮೂರು ತಿಂಗಳಿದೆ. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಮಗು ಅತಿ ದೊಡ್ಡದಾಗುವುದೂ ಹೆರಿಗೆಯ ತೊಡಕೂ ಕಡಿಮೆಯಾಗುತ್ತವೆ, ಇದು ಖಚಿತವಾಗಿ ಗೊತ್ತಿರುವ ವಿಷಯ. ಆದರೆ ಭಯಬಿದ್ದು ಊಟ ಬಿಡಬೇಡ. ನೀನು ಎರಡು ದಿನದಿಂದ ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗುತ್ತಿದ್ದೀಯ ಅಂತ ನಿನ್ನಮ್ಮ ಹೇಳಿದಳು. ಅದನ್ನು ಕೇಳಿ ನನ್ನ ಹೊಟ್ಟೆ ಉರಿಯಿತು. ಅಜ್ಜಿ ಮಾಡಿದ್ದೂ ಅದನ್ನೇ ಅಲ್ಲವೇ? ಅನ್ನ ಅರ್ಧ ಮಾಡು, ಪಲ್ಯ ಎರಡು ಪಟ್ಟು ಮಾಡು. ಮೊದಲು ಹುರುಳಿಕಾಳು, ಸೊಪ್ಪು, ಮೊಟ್ಟೆ, ಆಮೇಲೆ ಮುದ್ದೆ, ಅದೂ ಚಿಕ್ಕದು. ಮೂರು ಹೊತ್ತಿನದ್ದನ್ನು ಆರು ಹೊತ್ತು ಮಾಡು. ಪ್ರತಿ ಊಟ ಆದ ಮೇಲೆ ಕೆಂಗೇರಿ ಉಪನಗರದ ನಿಮ್ಮ ಬೀದಿಯಲ್ಲಿ ಹದಿನೈದು ನಿಮಿಷ ನಡೆ. ಮುಂದಿನ ಸಲ ರಕ್ತ ಕೊಡುವಾಗ ಬಿ12 ಕೂಡ ನೋಡಿಸು. ಮೈಸೂರಿನ ಆ ಬಸುರಿಯರಲ್ಲಿ ನೂರಕ್ಕೆ 43 ಮಂದಿಗೆ ಅದು ಕಡಿಮೆಯಿತ್ತು. ಇನ್ಸುಲಿನ್ ಬೇಕು ಅಂದರೆ ಹಾಕಿಸಿಕೋ, ಅದರಲ್ಲಿ ಸೋಲು ಏನೂ ಇಲ್ಲ, ನಿನ್ನ ಮೈಗೆ ಸಾಲದಾದದ್ದನ್ನು ಹೊರಗಿನಿಂದ ಕೊಡುತ್ತಾರೆ ಅಷ್ಟೆ. ಆ ಡಾಕ್ಟರು ಮತ್ತೆ ನಾಲಿಗೆಯ ಮಾತೆತ್ತಿದರೆ ಬೇರೆಯವರ ಹತ್ತಿರ ಹೋಗೋಣ, ನಾನೇ ಜೊತೆಗೆ ಬರುತ್ತೇನೆ.

ಮಗು ಬಂದ ಮೇಲೆ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಪರೀಕ್ಷೆ, ಅದನ್ನು ಬಾಣಂತನದ ಗಡಿಬಿಡಿಯಲ್ಲಿ ಮರೆಯುವವರೇ ಹೆಚ್ಚು. ಬಸಿರಿನಲ್ಲಿ ಸಕ್ಕರೆ ಕಂಡವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಏಳು ಪಟ್ಟಿನಷ್ಟು ಹೆಚ್ಚು. ವರ್ಷಕ್ಕೊಮ್ಮೆ ನೋಡಿಸುತ್ತಿರು. ಎದೆಹಾಲು ಕೊಡುವುದು ಮಗುವಿಗೂ ಒಳ್ಳೆಯದು, ನಿನ್ನ ಸಕ್ಕರೆಗೂ ಒಳ್ಳೆಯದು. ಮಗು ಎರಡು ದಾಟಿದ ಮೇಲೆ ತೆಳ್ಳಗಿದೆ ಅಂತ ಯಾರಾದರೂ ಬಿಸ್ಕತ್ತು ಹಿಡಿದು ಬಂದರೆ, ಅದು ನಾನೇ ಆದರೂ, ಬಾಗಿಲಲ್ಲೇ ಬೈದು ಕಳಿಸು.

ನಮ್ಮ ಮನೆಗೆ ಪಾತ್ರೆಗೆ ಬರುವ ಹೆಣ್ಣುಮಗಳ ನಾದಿನಿ ರಾಮನಗರದ ಕಡೆಯವಳು. ಅವಳು ಬಸುರಿಯಾಗಿದ್ದಾಗ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಕೊಡುತ್ತಿದ್ದರಂತೆ. ಮಾತೃಪೂರ್ಣ ಅಂತ 2017ರ ಗಾಂಧಿ ಜಯಂತಿಯ ದಿನ ಸರ್ಕಾರ ರಾಜ್ಯಕ್ಕೆಲ್ಲ ತಂದ ಯೋಜನೆ. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು. ಮೊದಲು ರೇಷನ್ ಚೀಲದಲ್ಲಿ ಮನೆಗೆ ಕೊಡುತ್ತಿದ್ದರು, ಅದು ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು. ಅದಕ್ಕೇ ಅಲ್ಲೇ ಕೂತು ಉಣ್ಣಬೇಕು ಅಂತ ಮಾಡಿದರು. ನಡೆದು ಹೋಗುವುದು ಕಷ್ಟ ಅಂತ ಕೆಲವರು ಗೊಣಗಿದರು, ಅದೂ ನಿಜವೇ. ಆದರೆ ನಾನು ಮೊದಲ ಸಲ ಕೇಳಿದಾಗ ಕೆಲಸದವಳ ಮುಂದೆಯೇ ಕಣ್ಣೀರು ಬಂತು. ಒಬ್ಬ ಬಸುರಿ ಹೆಂಗಸು ಯಾರಿಗೂ ಬಡಿಸದೆ, ಯಾರಿಗೂ ತುತ್ತು ಕೊಡದೆ, ತನ್ನ ತಟ್ಟೆಯ ಮುಂದೆ ಕೂತು ಪೂರ್ತಿ ಊಟ ಮಾಡಿ ಏಳಬೇಕು ಅಂತ ಒಂದು ಸರ್ಕಾರ ಆಜ್ಞೆ ಹೊರಡಿಸಬೇಕಾಯಿತಲ್ಲ. 1952ರಲ್ಲಿ ಅಮ್ಮನಿಗೆ ಯಾರಾದರೂ ಹಾಗೆ ಆಜ್ಞೆ ಮಾಡಿದ್ದರೆ!

ನಿನ್ನೆ ಸಂಜೆ ಭಾಷ್ಯಂ ಸರ್ಕಲ್ ಕಡೆಗೆ ಹೋಗಿ ಒಂದು ಸ್ಟೀಲ್ ತಟ್ಟೆ ತಂದೆ. ಅಂಚು ಸ್ವಲ್ಪ ಎತ್ತರವಿರುವಂಥದ್ದು, ಮೂರು ಗುಳಿ, ಪಲ್ಯದ ಗುಳಿ ದೊಡ್ಡದು. ಹೆಸರು ಕೊರೆಯುವ ಮಿಷನ್ ಕೈಯಲ್ಲಿ ಹಿಡಿದು ಅಂಗಡಿಯ ಹುಡುಗ ‘ಅಳಿಯಂದಿರ ಹೆಸರಾ ಅಮ್ಮ, ಇಲ್ಲಾ ನಿಮ್ಮ ಹೆಸರು ಹಾಕಿ ಪ್ರೀತಿಪೂರ್ವಕ ಅಂತ ಬರೀಲಾ?’ ಎಂದು ಕೇಳಿದ. ನಿನ್ನ ಹೆಸರು ಒಂದನ್ನೇ ಬರೆಸಿದ್ದೇನೆ, ಇನಿಷಿಯಲ್ ಕೂಡ ಇಲ್ಲದೆ.

ಗುರುವಾರ ಹೊರಡುತ್ತೇನೆ. ಇಲ್ಲಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ಕೆಂಗೇರಿ ತಲುಪುವ ಹೊತ್ತಿಗೆ ಹನ್ನೆರಡಾಗಬಹುದು. ನನ್ನ ಮಂಡಿಯದ್ದು ಯೋಚನೆ ಮಾಡಬೇಡ, ಲಿಫ್ಟ್ ಇದೆ. ಹುರುಳಿ ಮೊಳಕೆ ಕಟ್ಟಿಟ್ಟಿದ್ದೇನೆ, ಸಾರು ಅಲ್ಲೇ ಬಂದು ಮಾಡುತ್ತೇನೆ. ನಿನ್ನ ಗಂಡನಿಗೆ ಅವತ್ತು ಮಧ್ಯಾಹ್ನ ಮನೆಯಲ್ಲಿರಲು ಹೇಳು, ಬಡಿಸುವುದನ್ನು ಅವನಿಗೆ ಕಲಿಸಬೇಕು. ಮೊದಲು ನೀನು ಕೂರಬೇಕು. ನಾವಿಬ್ಬರೂ ಆಮೇಲೆ.

ನಿನ್ನ,
ದೊಡ್ಡಮ್ಮ